ಮೇಲಿನ ಸಾಲು

ದೋಣಿಗೆ ಜಾಗ ಬಿಡಲು ಸೇತುವೆ ಮೇಲೆದ್ದು ದಾರಿ ತಡೆದಾಗಲೇ ವೀಬ್ರೆನ್‌ನ ಗಮನಕ್ಕೆ ಬಂದದ್ದು, ತನ್ನ ಎಡಗೈಯ ನಡುಬೆರಳು ಸೈಕಲ್ಲಿನ ಹಿಡಿಯ ಮೇಲೆ ಏನನ್ನೋ ಒತ್ತುತ್ತಿದೆ ಎಂದು. ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಕೆಂಪು ದೀಪದ ಮುಂದೆ ಒಂದು ಕಾಲು ನೆಲಕ್ಕೂರಿ ನಿಂತು ಆ ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿದ. ಕೆಳಗೆ ಕಾಲುವೆಯಲ್ಲಿ ಮರಳು ತುಂಬಿದ ದೋಣಿಯೊಂದು ಸಾಗುತ್ತಿತ್ತು; ಮಂಜಿನಲ್ಲಿ ಅದರ ಹಿಂಭಾಗ ಕಾಣುತ್ತಿರಲಿಲ್ಲವಾದ್ದರಿಂದ ಅದು ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಬೆಳಗ್ಗೆ ಎದ್ದಾಗಿನಿಂದ ಏನೋ ಮರೆತಂತಾಗುತ್ತಿತ್ತು. ಒಲೆ ಆರಿಸಿದೆನೇ, ಬಾಗಿಲು ಹಾಕಿದೆನೇ ಎಂದು ನೆನಪಿಸಿಕೊಂಡ, ಎರಡನ್ನೂ ಮಾಡಿದ್ದ. ಏನನ್ನೋ ಮಾಡಬಾರದಿತ್ತು, ಅಥವಾ ಮಾಡಬೇಕಿತ್ತು, ಅದು ಯಾವುದೆಂದು ಹೊಳೆಯುತ್ತಿಲ್ಲ. ಈ ವಯಸ್ಸಿಗೆ ಇದೆಲ್ಲ ಸಹಜ ಎಂದು ತನಗೆ ತಾನೇ ಹೇಳಿಕೊಂಡ. ಸೇತುವೆ ಇಳಿದು ದೀಪ ಹಸಿರಾದಾಗ ಎಲ್ಲರಿಗಿಂತ ಹಿಂದೆ ಹೊರಟವನು ಅವನೇ.

ಆಸ್ಪತ್ರೆಯ ರಕ್ತ ಪ್ರಯೋಗಾಲಯದ ಕಾಫಿ ಕೋಣೆಯಲ್ಲಿ ಬೌಕೆ ರಸ್ಕುಗಳಿಗೆ ಬೆಣ್ಣೆ ಹಚ್ಚುತ್ತ ನಿಂತಿದ್ದ. ಮಗು ಹುಟ್ಟಿದ ರಜೆ ಮುಗಿಸಿ ಬಂದ ಮೊದಲ ದಿನ. ಬೆಣ್ಣೆಯ ಮೇಲೆ ಗುಲಾಬಿ ಬಿಳಿ ಸೋಂಪಿನ ಸಕ್ಕರೆ ಕಾಳು ಉದುರಿಸಿ ಎಲ್ಲರಿಗೂ ಹಂಚದಿದ್ದರೆ ಈ ದೇಶದಲ್ಲಿ ಮಗು ಹುಟ್ಟಿದ ಲೆಕ್ಕವೇ ಇಲ್ಲ. ಕೈಯಿಂದ ಜಾರಿದ ಕಾಳುಗಳು ಮೇಜಿನ ಮೇಲೂ ನೆಲದ ಮೇಲೂ ಚೆಲ್ಲಾಡಿದ್ದವು; ಕಾಲಿಟ್ಟಲ್ಲೆಲ್ಲ ಕರಕರ ಸದ್ದು.

“ಬನ್ನಿ ಬನ್ನಿ, ಕೀಬೋರ್ಡ್ ದೇವ್ರು ಬಂದ್ರು,” ಎಂದ ಬೌಕೆ. “ತಗೋ. ಹೆಣ್ಣು ಮಗು. ಅವ್ರಮ್ಮನ ಥರ ಕಿರುಚ್ತಾಳೆ, ನನ್ ಥರ ತಿಂತಾಳೆ.”

“ತುಂಬಾ ಸಂತೋಷ ಕಣೋ. ತಾಯಿ ಚೆನ್ನಾಗಿದ್ದಾಳಾ?”

“ಅವಳು ಚೆನ್ನಾಗೇ ಇದ್ದಾಳೆ. ಚೆನ್ನಾಗಿಲ್ದೇ ಇರೋಳು ಇನ್ನೊಬ್ಳು.” ಬೌಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ನಿನಗೆ ಗೊತ್ತಾಗ್ಲಿಲ್ವಾ? ನಿನ್ನೆ ಹೆರಿಗೆ ವಾರ್ಡಲ್ಲಿ ಒಬ್ಬಳಿಗೆ ರಕ್ತ ನಿಲ್ಲಲೇ ಇಲ್ಲ. ಅವಸರವಾಗಿ ರಕ್ತದ ಬಾಟ್ಲಿ ಕೇಳಿದ್ರು. ನಮ್ ಕಂಪ್ಯೂಟರ್ ಪರದೇಲಿ ‘ಪ್ರತಿಕಾಯ ಇಲ್ಲ’ ಅಂತಿತ್ತು, ಕೊಟ್ಬಿಟ್ರು. ಇತ್ತು ಕಣೋ. ಅರ್ಧ ಹೋಗೋ ಹೊತ್ತಿಗೆ ಮೈಯೆಲ್ಲ ನಡುಕ, ಮೂತ್ರ ಕೆಂಪು. ಈಗ ತೀವ್ರ ನಿಗಾದಲ್ಲಿದ್ದಾಳೆ. ಕಿಡ್ನಿ ಕೈಕೊಟ್ಟಿದೆಯಂತೆ.”

“ಯಂತ್ರ ತಪ್ಪು ಹೇಳ್ತಾ?”

“ಯಂತ್ರಕ್ಕೆ ಹಾಕೇ ಇರ್ಲಿಲ್ಲ. ಅವಳ ರಕ್ತದ ನಳಿಕೆ ಇನ್ನೂ ಕಿಟಕಿ ಹತ್ರ ಸ್ಟ್ಯಾಂಡಲ್ಲೇ ಕೂತಿತ್ತು. ಪರೀಕ್ಷೆ ಮಾಡ್ದೇನೇ ‘ಇಲ್ಲ’ ಅಂತ ತುಂಬಿದಾಳೆ ನಮ್ ಹೊಸ ಹುಡುಗಿ ನಿಂಕೆ. ಅವಳ ಹೆಸರೇ ಇದೆ ಆ ಸಾಲಿಗೆ. ಮುಖ್ಯಸ್ಥೆ ಕೋಣೇಲಿ ಅಲೀದಾ ಹತ್ರ ಕೂತು ಅಳ್ತಿದಾಳೆ. ಖಾಲಿ ಬಿಟ್ಟಿದ್ದೆ, ಎಫ್ ನಾಲ್ಕು ಕೀಲಿ ಒತ್ತಿ ಮುಂದೆ ಹೋದೆ ಅಂತಾಳೆ. ಖಾಲಿ ಬಿಟ್ಟಿದ್ರೆ ಅದು ತಾನಾಗೇ ಬರ್ಕೊಳ್ಳತ್ತಾ? ತಿನ್ನು, ತಿನ್ನು, ಯಾಕೆ ಕೈಯಲ್ಲೇ ಹಿಡ್ಕೊಂಡಿದ್ಯಾ?”

ವೀಬ್ರೆನ್ ಕಚ್ಚಿದ. ರಸ್ಕು ಒಣ ಮರಳಿನಂತೆ ಬಾಯ್ತುಂಬ ಹರಡಿತು, ನುಂಗಲಾಗಲಿಲ್ಲ, ಉಗುಳುವಂತಿಲ್ಲ. ಬೆಳಗ್ಗೆಯಿಂದ ಹುಡುಕುತ್ತಿದ್ದದ್ದು ಈಗ ತಾನಾಗಿ ಎದುರು ಬಂದು ನಿಂತಿತ್ತು. ಎಫ್ ನಾಲ್ಕು. ಈ ಮನೆಹಾಳು ಪರದೆಯಲ್ಲಿ ಒಂದೊಂದು ನಳಿಕೆಗೆ ಒಂದೊಂದು ಸಾಲು. ಸಾಲಿನಲ್ಲಿ ರಕ್ತದ ಗುಂಪು, ಅದರ ಪಕ್ಕ ಪ್ರತಿಕಾಯದ ಖಾನೆ, ಅಂದರೆ ಈ ಮೈ ಇನ್ನೊಬ್ಬರ ರಕ್ತವನ್ನು ಸಹಿಸುತ್ತದೆಯೇ ಇಲ್ಲವೇ ಎಂಬುದು. ಆ ಪರೀಕ್ಷೆ ಆಗುವುದು ತಡವಾಗಿ. ಅಲ್ಲಿಯವರೆಗೆ ಖಾನೆ ಖಾಲಿ ಇರಬೇಕು, ಖಾಲಿ ಇರುವ ತನಕ ವಾರ್ಡಿನವರು ಕಾಯುತ್ತಾರೆ. ಕಂಪನಿಯವರು ಕೊಟ್ಟ ಹೊಸ ವ್ಯವಸ್ಥೆಯಲ್ಲಿ ಎಫ್ ನಾಲ್ಕು ಒತ್ತಿದರೆ ಖಾನೆ ಖಾಲಿ ಉಳಿದು ಕರ್ಸರ್ ಮುಂದೆ ಹೋಗುತ್ತದೆ. ಹಳೆಯದರಲ್ಲಿ, ಇಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅವನೇ ಯೌವನದಲ್ಲಿ ಕೂತು ಕಟ್ಟಿದ ಆ ಹಸಿರು ಅಕ್ಷರದ ವ್ಯವಸ್ಥೆಯಲ್ಲಿ, ಎಫ್ ನಾಲ್ಕು ಒತ್ತಿದರೆ ಮೇಲಿನ ಸಾಲಿನಲ್ಲಿದ್ದದ್ದು ಕೆಳಗಿಳಿದು ಕೂರುತ್ತಿತ್ತು. ಈಗ ಕೆಲವು ವಾರಗಳಿಂದ ಹೊಸದರಲ್ಲೂ ಹಾಗೆಯೇ ಆಗುತ್ತಿದೆ. ಅದನ್ನು ಹಾಗೆ ಮಾಡಿದವನು ಅವನೇ.

ಯಾರಿಗೂ ಹೇಳದೆ ಮಾಡಿದ್ದ. ಚಿಟ್ಸ್ಕೆ ಕೇಳಿದ್ದಳು ಎಂಬುದು ನಿಜ. ಕ್ರಿಸ್‌ಮಸ್ಸಿಗೆ ನಿವೃತ್ತಿಯಾಗಲಿರುವ ಚಿಟ್ಸ್ಕೆ, ನಳಿಕೆಯ ಚೀಟಿ ಮಾತ್ರ ನೋಡುತ್ತ ಪರದೆಯನ್ನಾಗಲಿ ಕೈಯನ್ನಾಗಲಿ ನೋಡದೆ ಸಾಲುಸಾಲೇ ತುಂಬುವವಳು, ಆ ದಿನ ಅವನ ಕೋಣೆಗೆ ಬಂದು ಕುರ್ಚಿ ಎಳೆದು ಕೂತಿದ್ದಳು. ದಾನಿಗಳ ರಕ್ತದ ಪಟ್ಟಿಯಲ್ಲಿ ದಿನಾಂಕ, ಊರು, ಚೀಲದ ಬಗೆ ಎಲ್ಲವೂ ಮೇಲಿನದ್ದೇ ಕೆಳಗೂ ಬರುವಂಥದ್ದು. ಎಫ್ ನಾಲ್ಕು ಇಲ್ಲದೆ ಪ್ರತಿಯೊಂದನ್ನೂ ಹೊಸದಾಗಿ ಬಡಿಯಬೇಕು. “ನನ್ ಕೈನ ನನಗೆ ವಾಪಸ್ ಕೊಡು ಮಾರಾಯ,” ಎಂದಿದ್ದಳು. “ಕೆಲಸ ಮರ್ತೋದೋಳ ಥರ ಕೂತಿರ್ತೀನಿ. ಆ ಹುಡುಗೀರು ನನ್ ನೋಡಿ ಅಯ್ಯೋ ಪಾಪ ಅಂತಾರೆ. ಕ್ರಿಸ್‌ಮಸ್ ತನಕ ಮರ್ಯಾದೆಯಾಗಿರೋಕೆ ಬಿಡು.” ಅವಳ ಕೈ ಮೇಜಿನ ಮೇಲಿತ್ತು, ಗೆಣ್ಣು ದಪ್ಪವಾದ, ಒರಟು ಕೈ. ವೀಬ್ರೆನ್‌ಗೆ ಅಳು ಬರುವಂತಾಗಿತ್ತು. ಶಾಲೆಯಲ್ಲಿ ಮೇಷ್ಟ್ರು ಅವನ ಎಡಗೈಯನ್ನು ಬೆಲ್ಟಿನಿಂದ ಬೆಂಚಿಗೆ ಬಿಗಿದು ಬಲಗೈಯಲ್ಲಿ ಬರೆಯಲು ಹಚ್ಚಿದ್ದರು. ಇಡೀ ತರಗತಿ ಅವನ ಕಾಗೆಕಾಲಿನ ಅಕ್ಷರ ನೋಡಿ ನಕ್ಕಿತ್ತು. ನನ್ನ ಕೈ ನನಗೆ ಕೊಡಿ ಎಂದು ಅವನಿಗೆ ಕೇಳಲು ಬಂದಿರಲಿಲ್ಲ. ಚಿಟ್ಸ್ಕೆಗೆ ಬಂದಿತ್ತು. ಇಷ್ಟು ಕಾಲವಾದ ಮೇಲೆ ಯಾರೋ ತನ್ನಿಂದಲೇ ಆಗುವ ಕೆಲಸವೊಂದನ್ನು ಕೇಳಿಕೊಂಡು ಬಂದಿದ್ದರು, ಸುಳ್ಳೇಕೆ, ಅದೇ ದೊಡ್ಡದಾಗಿ ಕಂಡಿತ್ತು.

ಅವಳೊಬ್ಬಳ ಕೀಬೋರ್ಡಿಗೆ ಬೇರೆ ಏರ್ಪಾಟು ಮಾಡಿಕೊಟ್ಟರೆ ಮರುದಿನ ಒಳಬಂದಾಗ ಅದು ಅಳಿಸಿಹೋಗುತ್ತಿತ್ತು. ಯಾರು ಯಾವಾಗ ಒಳಬಂದರೂ ವ್ಯವಸ್ಥೆ ಎಲ್ಲರಿಗೂ ಒಂದೇ ಫೈಲಿನಿಂದ ಕೀಲಿಗಳ ಅರ್ಥ ಓದಿಕೊಳ್ಳುತ್ತಿತ್ತು. ಸರಿಯಾದ ದಾರಿ ಎಂದರೆ ಬದಲಾವಣೆಯ ಸಮಿತಿಗೆ ಅರ್ಜಿ. ಆ ಸಮಿತಿಯಲ್ಲಿ ಕಂಪನಿಯ ಎಳೆಯರು ಕೂತಿರುತ್ತಾರೆ. ತರಬೇತಿಯ ದಿನ ವೀಬ್ರೆನ್ ಕೈಯೆತ್ತಿ, ಹಳೆಯ ಕೀಲಿಗಳನ್ನು ಹಾಗೇ ಇಟ್ಟುಕೊಳ್ಳಬಹುದಲ್ಲ ಎಂದಾಗ ಅವರಲ್ಲೊಬ್ಬ ನಕ್ಕು, “ನೀವು ಇನ್ನೂ ಕುದುರೆ ಗಾಡೀಲಿ ಬರ್ತೀರಾ?” ಎಂದು ಕೇಳಿದ್ದ. ಎಲ್ಲರೂ ನಕ್ಕಿದ್ದರು, ಅಲೀದಾ ಕೂಡ. ವೀಬ್ರೆನ್ ತಾನೂ ನಕ್ಕಿದ್ದ, ಎಲ್ಲರಿಗಿಂತ ಜೋರಾಗಿ. ಮನೆಗೆ ಹೋಗಿ ಬಟ್ಟೆ ಬದಲಿಸುವಾಗಲೂ ಆ ನಗು ಮುಖದಿಂದ ಇಳಿದಿರಲಿಲ್ಲ. ಆದ್ದರಿಂದ ಅರ್ಜಿ ಹಾಕಲಿಲ್ಲ. ಎಲ್ಲರ ಆ ಫೈಲನ್ನೇ ತೆರೆದು ಒಂದು ಸಾಲು ತಿದ್ದಿದ. ಕ್ರಿಸ್‌ಮಸ್ ತನಕ ತಾನೇ ಎಂದುಕೊಂಡ. ಉಳಿದವರು ಎಫ್ ನಾಲ್ಕು ಒತ್ತುವವರೇ ಅಲ್ಲ ಎಂದು ಏಕೆ ಅಂದುಕೊಂಡ? ಅಂದುಕೊಂಡಿರಲಿಲ್ಲ. ಅವರ ಬಗ್ಗೆ ಯೋಚನೆಯೇ ಬಂದಿರಲಿಲ್ಲ. ಮರುದಿನ ಚಿಟ್ಸ್ಕೆಯ ಬೆರಳುಗಳು ಕೀಲಿಗಳ ಮೇಲೆ ಓಡುವ ಸದ್ದನ್ನು ಬಾಗಿಲ ಹೊರಗೆ ನಿಂತು ಕೇಳಿ, ತಾನೊಬ್ಬ ಒಳ್ಳೆಯ ಮನುಷ್ಯ ಎಂದುಕೊಂಡಿದ್ದ.

ಈಗ ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅದೇ ಫೈಲು ತೆರೆದು ಕೂತಿದ್ದ. ಪ್ರತಿಕಾಯ ಇರುವವರು ಅಪರೂಪ. ನೂರಕ್ಕೆ ಒಬ್ಬರೋ ಇಬ್ಬರೋ. ಮೇಲಿನ ಸಾಲಿನ ‘ಇಲ್ಲ’ ಕೆಳಗಿನವರಿಗೂ ಹೊಂದುವಂಥದ್ದೇ, ಅದಕ್ಕೇ ಇಷ್ಟು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಪರೀಕ್ಷೆಯಾದರೆ ಸರಿ. ಆದರೆ ಖಾನೆ ತುಂಬಿದ್ದನ್ನು ಕಂಡ ವ್ಯವಸ್ಥೆ ಆ ನಳಿಕೆಯನ್ನು ಬಾಕಿಯ ಪಟ್ಟಿಯಿಂದಲೇ ಕೈಬಿಟ್ಟಿರುತ್ತದೆ. ಯಾರು ಯಾರು ಒತ್ತಿದರೋ, ಯಾವ ಯಾವ ಸಾಲಿನಲ್ಲೋ. ಓಡಿಹೋಗಿ ಅಲೀದಾಳ ಬಾಗಿಲು ಬಡಿಯಬೇಕು. ಬಡಿದು ಏನು ಹೇಳುವುದು? ಮೊದಲು ಅಪಾಯ ನಿಲ್ಲಿಸಬೇಕಲ್ಲ, ಹೇಳುವುದು ಇದ್ದೇ ಇದೆ, ಎಂದು ಮನಸ್ಸು ಬಹಳ ನ್ಯಾಯವಾದ ದನಿಯಲ್ಲಿ ಹೇಳಿತು. ತಾನು ಬರೆದ ಸಾಲನ್ನು ಅಳಿಸಿದ. ಕಂಪನಿಯವರ ಸಾಲನ್ನು ಅದರ ಜಾಗಕ್ಕೆ ಮತ್ತೆ ಇಟ್ಟ. ಕಾಫಿ ಮುಗಿಸಿ ಬಂದು ಎಲ್ಲರೂ ಮತ್ತೆ ವ್ಯವಸ್ಥೆಯ ಒಳಸೇರುವಾಗ ಹೊಸ ಅರ್ಥ ಓದಿಕೊಳ್ಳುತ್ತದೆ. ಕೆಲಸ ಎಷ್ಟು ಬೇಗ ಮುಗಿಯಿತೆಂದರೆ ಅವನಿಗೆ ನಾಚಿಕೆಯಾಯಿತು. ಹೀಗೊಂದು ಫೈಲು ಇದೆ ಎಂಬುದೇ ಈ ಕಟ್ಟಡದಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ, ಅದರ ಒಂದು ಸಾಲು ಹೋಗಿ ಬಂದದ್ದು ಯಾರಿಗೆ ಗೊತ್ತಾಗಬೇಕು. ಅವನು ಕುರ್ಚಿಗೆ ಒರಗಿ ಕಾಲು ಚಾಚಿದ. ಅದು ಸಮಾಧಾನ ಎಂದು ತಿಳಿದಾಗ ಅವನಿಗೆ ತನ್ನ ಬಗ್ಗೆಯೇ ಭಯವಾಯಿತು.

ಬಾಗಿಲು ತಟ್ಟಿದವಳು ಅಲೀದಾ. ಪ್ರಯೋಗಾಲಯದ ಮುಖ್ಯಸ್ಥೆ, ಎತ್ತರದ, ಎಂದೂ ದನಿ ಏರಿಸದ ಹೆಂಗಸು. “ವೀಬ್ರೆನ್, ಸ್ವಲ್ಪ ಬರ್ತೀರಾ? ನಿಂಕೆ ತಪ್ಪನ್ನ ಕೀಬೋರ್ಡ್ ಮೇಲೆ ಹಾಕ್ತಿದಾಳೆ. ಅವಳ ಎದುರಿಗೇ ಒಂದ್ಸಲ ನೋಡ್ಬಿಡೋಣ. ನನಗೂ ನ್ಯಾಯ ಮಾಡ್ದೆ ಅನ್ನೋ ಸಮಾಧಾನ ಇರ್ಲಿ.”

ಕೆಲಸದ ಕೋಣೆಯಲ್ಲಿ ಎಲ್ಲರೂ ತಮ್ಮತಮ್ಮ ಪರದೆಗೆ ಮುಖ ಮಾಡಿ ಏನನ್ನೂ ಮಾಡದೆ ಕೂತಿದ್ದರು. ನಿಂಕೆ ಎದ್ದು ನಿಂತಿದ್ದಳು. ಚಿಕ್ಕ ವಯಸ್ಸಿನವಳು, ಕಳೆದ ವರ್ಷವಷ್ಟೇ ಕೆಲಸಕ್ಕೆ ಸೇರಿದವಳು. ಅತ್ತು ಊದಿದ ಮುಖದಲ್ಲೂ ಒಂದು ಹಟವಿತ್ತು. ಅವಳ ಕೀಬೋರ್ಡಿನ ಮೇಲ್ಗಡೆ ಕಂಪನಿಯವರು ಕೊಟ್ಟ ರಟ್ಟಿನ ಪಟ್ಟಿ ಅಂಟಿಸಿತ್ತು, ಯಾವ ಕೀಲಿ ಏನು ಮಾಡುತ್ತದೆಂಬುದು ಅದರ ಮೇಲೆ. ಎಫ್ ನಾಲ್ಕರ ಮೇಲೆ ‘ಖಾಲಿ ಬಿಟ್ಟು ಮುಂದೆ’ ಎಂದು ಅಚ್ಚಾಗಿತ್ತು. ಅದನ್ನು ನಂಬಿದ್ದಳು, ಅಷ್ಟೇ ಅವಳು ಮಾಡಿದ್ದು.

“ನಾನು ಇದನ್ನೇ ಒತ್ತಿದ್ದು,” ಎಂದಳು ನಿಂಕೆ. “ಬೇರೇನೂ ಬರ್ದಿಲ್ಲ. ‘ಇಲ್ಲ’ ಅಂತ ನಾನ್ಯಾಕೆ ಬರೀಲಿ? ಒತ್ತಿ ನೋಡಿ, ನೀವೇ ಒತ್ತಿ.”

ವೀಬ್ರೆನ್ ಅವಳ ಕುರ್ಚಿಯಲ್ಲಿ ಕೂತ. ಕುರ್ಚಿ ಇನ್ನೂ ಬೆಚ್ಚಗಿತ್ತು. ಅಲೀದಾ ಪರೀಕ್ಷೆಗೆಂದು ಎರಡು ಸುಳ್ಳು ನಳಿಕೆಗಳ ಸಂಖ್ಯೆ ಹೇಳಿದಳು. ಅವನು ಮೇಲಿನ ಸಾಲಿಗೆ ‘ಇಲ್ಲ’ ತುಂಬಿ ಕೆಳಗಿನ ಸಾಲಿಗೆ ಬಂದ. ಈ ಕ್ಷಣದಲ್ಲಿ, ಒತ್ತುವ ಮುಂಚೆ, ಹೇಳಿಬಿಡಬಹುದು. ಇವತ್ತು ಬೆಳಗಿನವರೆಗೆ ಇದು ಹೀಗಿರಲಿಲ್ಲ ಎಂಬ ಒಂದು ವಾಕ್ಯ. ಅದು ಬಾಯೊಳಗೆ ಪೂರ್ತಿ ಸಿದ್ಧವಾಗಿತ್ತು. ಎಲ್ಲರೂ ಎದ್ದು ಬಂದು ಬೆನ್ನ ಹಿಂದೆ ನಿಂತು ಅವನ ಕೈಯನ್ನೇ ನೋಡುತ್ತಿದ್ದರು, ಶಾಲೆಯಲ್ಲಿ ಕಪ್ಪು ಹಲಗೆಯ ಮುಂದೆ ನಿಂತಾಗ ನೋಡಿದಂತೆ. ಅವನು ಒತ್ತಿದ. ಖಾನೆ ಖಾಲಿ ಉಳಿಯಿತು. ಕರ್ಸರ್ ಮುಂದೆ ಹೋಗಿ ಮಿನುಗುತ್ತ ನಿಂತಿತು.

“ಇನ್ನೊಂದ್ಸಲ,” ಎಂದಳು ನಿಂಕೆ.

ಮತ್ತೆ ಒತ್ತಿದ. ಮತ್ತೆ ಖಾಲಿ. ನಿಂಕೆ ಅವನ ಭುಜದ ಮೇಲಿಂದ ಬಾಗಿ ತಾನೇ ಒತ್ತಿದಳು, ಒಂದಾದ ಮೇಲೊಂದು ಸಾಲು, ಎಲ್ಲವೂ ಖಾಲಿ. ಆಮೇಲೆ ಕೈ ಹಿಂದೆ ತೆಗೆದುಕೊಂಡು ಬೆರಳುಗಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ಅವಳ ಮುಖದಲ್ಲಿದ್ದ ಹಟ ಇಳಿಯುವುದನ್ನು ವೀಬ್ರೆನ್ ಪರದೆಯ ಗಾಜಿನಲ್ಲಿ ನೋಡಿದ.

“ಹಾಗಾದ್ರೆ ನಾನೇ ಬರ್ದಿರ್ಬೇಕು,” ಎಂದಳು. “ನನಗೆ ನೆನಪೇ ಇಲ್ಲ. ಸಾರಿ, ವೀಬ್ರೆನ್. ನಿಮ್ಮ ಮೇಲೆ ಹಾಕಿದ ಹಾಗಾಯ್ತು.”

“ಛೆ, ಅದಕ್ಕೇನು,” ಎಂದ ವೀಬ್ರೆನ್. ಆ ಮಾತು ಎಷ್ಟು ಮೃದುವಾಗಿ ಬಂತೆಂದರೆ ಅಲೀದಾ ಅವನನ್ನು ಕೃತಜ್ಞತೆಯಿಂದ ನೋಡಿದಳು.

ಅಲೀದಾ ತೀರ್ಮಾನ ಹೇಳಿದಳು: ನಿಂಕೆಯ ಹೆಸರಿನಲ್ಲಿರುವ ಸಾಲುಗಳನ್ನೆಲ್ಲ ಮತ್ತೊಮ್ಮೆ ಪರಿಶೀಲಿಸಬೇಕು, ಅಲ್ಲಿಯತನಕ ಅವಳು ಯಾರಾದರೂ ಪಕ್ಕದಲ್ಲಿ ಕೂತಿದ್ದರೆ ಮಾತ್ರ ತುಂಬಬೇಕು. ವೀಬ್ರೆನ್ ಕೆಮ್ಮಿದ. “ಎಲ್ಲರದ್ದೂ ಒಂದ್ಸಲ ನೋಡಿದ್ರೆ ಒಳ್ಳೇದೇನೋ. ನಿಂಕೆದು ಮಾತ್ರ ಅಲ್ಲ.”

“ಯಾಕೆ? ಏನಾದ್ರೂ ಕಂಡಿದ್ಯಾ ನಿಮಗೆ?” ಅಲೀದಾ ನಿಜವಾಗಿಯೇ ಕೇಳಿದ್ದಳು, ಕಾದಳು ಕೂಡ.

“ಇಲ್ಲ. ಸುಮ್ನೆ ಅಂದೆ.”

“ಎಲ್ಲರದ್ದೂ ಅಂದ್ರೆ ತಿಂಗಳುಗಟ್ಟಲೆ ಆಗತ್ತೆ. ಕಾರಣ ಇಲ್ದೇ ಹೇಗೆ ಮಾಡೋಣ?” ಎಂದು ಅವಳು ಹೊರಟುಹೋದಳು.

ಊಟದ ಹೊತ್ತಿನಲ್ಲಿ ಅವನು ಓಣಿಯ ಕೊನೆಯ ಕಿಟಕಿಯ ಬಳಿ ಬ್ರೆಡ್ಡಿನ ಡಬ್ಬಿ ತೆರೆಯದೆ ನಿಂತಿದ್ದಾಗ ಚಿಟ್ಸ್ಕೆ ಬಂದಳು. ಬಿಳಿ ಕೋಟಿನ ಜೇಬಿನಲ್ಲಿ ಕೈ ತೂರಿಸಿ ಪಕ್ಕದಲ್ಲಿ ನಿಂತಳು. ಹೊರಗೆ ಮಂಜು ಹಾಗೇ ಇತ್ತು. ನಿಲ್ಲಿಸಿದ ಸೈಕಲ್ಲುಗಳು ಅರ್ಧ ಕಾಣುತ್ತಿದ್ದವು.

“ಕಾಫಿ ಕುಡ್ದು ಬಂದ್ಮೇಲೆ ನನ್ ಕೀಲಿ ಕೆಲಸ ಮಾಡ್ತಿಲ್ಲ,” ಎಂದಳು.

ವೀಬ್ರೆನ್ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿದ. ಅವಳು ಬೈದರೆ, ನಡಿ ಅಲೀದಾ ಹತ್ತಿರ ಎಂದು ತೋಳು ಹಿಡಿದು ಎಳೆದರೆ, ಹೋಗಿಬಿಡುತ್ತಿದ್ದ. ಎಳೆಯಲಿ ಎಂದು ಕಾದ. ಚಿಟ್ಸ್ಕೆ ಇಷ್ಟು ವರ್ಷ ಇಲ್ಲಿ ರಕ್ತ ನೋಡಿದವಳು, ಬೆಳಗ್ಗೆ ನಿಂಕೆಯ ಹಿಂದೆ ನಿಂತು ಎಲ್ಲವನ್ನೂ ನೋಡಿದವಳು. ಅವಳಿಗೆ ಬಿಡಿಸಿ ಹೇಳಬೇಕಾದ್ದು ಏನೂ ಇರಲಿಲ್ಲ.

“ಆ ಹೆಂಗಸು ಹೇಗಿದಾಳಂತೆ?” ಎಂದು ಅವನೇ ಕೇಳಿದ.

“ಡಯಾಲಿಸಿಸ್ ಹಾಕಿದಾರಂತೆ. ಮಗು ಚೆನ್ನಾಗಿದೆಯಂತೆ.” ಕಿಟಕಿಯ ಗಾಜನ್ನು ಅಂಗೈಯಿಂದ ಒರೆಸಿದಳು, ಒರೆಸಿದರೂ ಏನೂ ಕಾಣಲಿಲ್ಲ. “ವೀಬ್ರೆನ್, ನನಗೆ ಇನ್ನು ಕೆಲವೇ ವಾರ. ಮಕ್ಕಳು ಮೊಮ್ಮಕ್ಕಳು ಎಲ್ಲ ಬರ್ತಾರೆ, ಅಲೀದಾ ಭಾಷಣ ಮಾಡ್ತಾಳೆ. ಇಷ್ಟು ವರ್ಷದಲ್ಲಿ ಒಂದೂ ತಪ್ಪು ಮಾಡಿಲ್ಲ ಅಂತ ಹೇಳ್ತಾಳಂತೆ, ನನ್ನ ಹತ್ರಾನೇ ಕೇಳಿ ಬರ್ಕೊಂಡ್ಲು.”

“ನೀನು ಕೇಳಿದ್ದು ತಪ್ಪಲ್ಲ ಚಿಟ್ಸ್ಕೆ. ಮಾಡಿದ್ದು ನಾನು.”

“ನಾನು ಏನನ್ನೂ ಕೇಳಿಲ್ಲ,” ಎಂದಳು ಚಿಟ್ಸ್ಕೆ, ಮೆಲ್ಲಗೆ, ಮಗುವಿಗೆ ಪಾಠ ಒಪ್ಪಿಸಲು ಕಲಿಸುವಂತೆ. “ಗೊತ್ತಾಯ್ತಾ? ಯಾವತ್ತೂ ನಿನ್ ಕೋಣೆಗೆ ಬಂದೇ ಇಲ್ಲ. ಆ ಹುಡುಗಿಗೆ ಇನ್ನೂ ವಯಸ್ಸಿದೆ, ತಡ್ಕೋತಾಳೆ.” ಹೋಗುವ ಮುಂಚೆ ಅವನ ಬ್ರೆಡ್ಡಿನ ಡಬ್ಬಿಯ ಮುಚ್ಚಳ ತೆರೆದು ಅವನ ಕೈಗಿಟ್ಟು, “ತಿನ್ನು, ಮುಖ ಬಿಳಿಚಿಕೊಂಡಿದೆ,” ಎಂದಳು. ಅವನು ತಿಂದ. ಚೀಸ್ ಹಾಕಿದ ಬ್ರೆಡ್ಡು, ದಿನವೂ ತಿನ್ನುವಂಥದ್ದೇ. ಇದುವರೆಗೆ ತನ್ನದೊಂದೇ ಆಗಿದ್ದ ಗುಟ್ಟು ಈಗ ಇಬ್ಬರದಾಗಿತ್ತು, ಅದರಿಂದ ಅದು ಹಗುರವಾಗಲಿಲ್ಲ, ಗಟ್ಟಿಯಾಯಿತು. ಇನ್ನು ಹೇಳಬೇಕೆಂದರೆ ಅವಳನ್ನೂ ಎಳೆಯಬೇಕು. ಹೇಳದಿರಲು ಇದೊಂದು ಒಳ್ಳೆಯ ಕಾರಣ ಎಂದು ಯೋಚಿಸುತ್ತಿದ್ದವನು, ಎಷ್ಟು ಸಲೀಸಾಗಿ ಕಾರಣಗಳು ಒದಗಿಬರುತ್ತಿವೆಯಲ್ಲ ಎಂದು ಹೇಸಿಕೊಂಡ.

ಮಧ್ಯಾಹ್ನ ನಿಂಕೆ ಅವನ ಕೋಣೆಯ ಬಾಗಿಲಿಗೆ ಬಂದಳು. “ನನ್ನ ಪಕ್ಕ ಸ್ವಲ್ಪ ಹೊತ್ತು ಕೂತ್ಕೋತೀರಾ? ಬೌಕೆನ ಕೇಳ್ಬಹುದಿತ್ತು, ಅವನು ತಮಾಷೆ ಮಾಡ್ತಾನೆ. ನೀವು ಮಾಡಲ್ಲ.” ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಕುರ್ಚಿ ತಂದು ಪಕ್ಕದಲ್ಲಿ ಕೂತ. ಹತ್ತು ಬೆರಳಿನಿಂದ ಬಡಿಯುತ್ತಿದ್ದ ಹುಡುಗಿ ಈಗ ಒಂದೇ ಬೆರಳಿನಿಂದ ಒಂದೊಂದೇ ಕೀಲಿ ಹುಡುಕಿ ಒತ್ತುತ್ತಿದ್ದಳು. ನಳಿಕೆಯ ಚೀಟಿ ಓದುವುದು, ಒತ್ತುವುದು, ಪರದೆ ನೋಡುವುದು, ಮತ್ತೆ ಚೀಟಿ. ಪ್ರತಿ ಸಾಲಿಗೂ ಅವನ ಕಡೆ ತಿರುಗಿ, “ಸರಿ ಇದೆಯಾ?” ಎನ್ನುತ್ತಿದ್ದಳು. ಅವನು “ಸರಿ ಇದೆ” ಎನ್ನುತ್ತಿದ್ದ. ಪ್ರತಿಕಾಯದ ಖಾನೆ ಬಂದಾಗ ಅವಳ ಬೆರಳು ಎಫ್ ನಾಲ್ಕರ ಮೇಲೆ ತಡೆದು ನಿಲ್ಲುತ್ತಿತ್ತು, ಬಿಸಿ ಪಾತ್ರೆ ಮುಟ್ಟಬೇಕಾದವರ ಕೈಯಂತೆ. ಒತ್ತಿದ ಮೇಲೆ ಖಾಲಿ ಖಾನೆಯನ್ನು ತುಂಬ ಹೊತ್ತು ನೋಡುತ್ತಿದ್ದಳು. “ಇಷ್ಟು ಚೆನ್ನಾಗಿ ಖಾಲಿ ಬಿಡತ್ತೆ,” ಎಂದಳು ಒಮ್ಮೆ. “ನಾನು ನಿನ್ನೆ ಏನ್ ಯೋಚ್ನೆ ಮಾಡ್ತಿದ್ನೋ. ಆ ಹೆಂಗಸಿಗೆ ಏನಾದ್ರೂ ಆದ್ರೆ ನಾನು ಈ ಕೆಲಸ ಬಿಟ್ಬಿಡ್ತೀನಿ. ಯಾವ ಕೆಲಸಾನೂ ಮಾಡಲ್ಲ.” ವೀಬ್ರೆನ್ ಅವಳ ಕತ್ತಿನ ಹಿಂದಿನ ಎಳೆಗೂದಲನ್ನು ನೋಡುತ್ತ ಕೂತ. ಹೇಳಿಬಿಡುತ್ತೇನೆ ಎಂದುಕೊಂಡ, ಈ ಸ್ಟ್ಯಾಂಡ್ ಮುಗಿಯಲಿ, ಹೇಳಿಬಿಡುತ್ತೇನೆ.

ಎದುರು ಮೇಜಿನಲ್ಲಿ ಬೌಕೆಯ ಫೋನು ರಿಂಗಾಯಿತು. “ಹೇಳಿ. ಹೂಂ. ಶಸ್ತ್ರಚಿಕಿತ್ಸೆ ಕೋಣೆಯಿಂದಾನಾ?” ಅವನು ಪರದೆಯತ್ತ ಬಾಗಿ ಹುಡುಕಿದ. “ಇದೆ, ಇದೆ. ಪ್ರತಿಕಾಯ ಇಲ್ಲ ಅಂತ ಇದೆ. ಯಾಕೆ, ಅನುಮಾನಾನಾ?” ಕೇಳಿಸಿಕೊಂಡು, ರಿಸೀವರನ್ನು ಎದೆಗೊತ್ತಿ ಹಿಡಿದು ಈ ಕಡೆ ತಿರುಗಿದ. “ನೋಡು, ಒಂದು ತಪ್ಪಾದ್ರೆ ಎಲ್ರೂ ಹೆದರ್ಕೋತಾರೆ. ಯಾರೋ ಅಜ್ಜ, ಸೊಂಟ ಮುರ್ಕೊಂಡು ಮೇಜಿನ ಮೇಲೆ ಮಲಗಿದಾನೆ. ಫಲಿತಾಂಶ ನಂಬಬಹುದಾ ಅಂತ ಕೇಳ್ತಿದಾರೆ. ಇದು ನಿಂಕೆದಲ್ಲ, ನಾನೇ ತುಂಬಿದ್ದು, ಇವತ್ತು ಬೆಳಗ್ಗೆ ಬಂದ ತಕ್ಷಣ.”

ಬಂದ ತಕ್ಷಣ. ಕಾಫಿಗೆ ಮುಂಚೆ. ಕಿಟಕಿಯ ಬಳಿ ಪರೀಕ್ಷೆಗೆ ಕಾಯುವ ನಳಿಕೆಗಳ ಸ್ಟ್ಯಾಂಡು ವೀಬ್ರೆನ್ ಕೂತಲ್ಲಿಂದಲೇ ಕಾಣುತ್ತಿತ್ತು. ಎದ್ದು ಹೋಗಿ ಆ ಅಜ್ಜನ ನಳಿಕೆ ಅಲ್ಲೇ ಉಳಿದಿದೆಯೇ ನೋಡಬಹುದು. ನೋಡಿದರೆ ಏಕೆ ನೋಡಿದೆ ಎಂದು ಕೇಳುತ್ತಾರೆ. ಕೋಣೆಯ ಆ ತುದಿಯಲ್ಲಿ ಕೂತ ಚಿಟ್ಸ್ಕೆ ಟೈಪು ಮಾಡುವುದನ್ನು ನಿಲ್ಲಿಸಿದ್ದಳು, ತಲೆಯೆತ್ತಿರಲಿಲ್ಲ. ನೂರಕ್ಕೆ ಒಬ್ಬರೋ ಇಬ್ಬರೋ ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ. ಅಜ್ಜನಿಗೆ ಇರಲಾರದು.

“ಏನಂತೀಯಾ?” ಎಂದ ಬೌಕೆ. “ಕೊಡಿ ಅನ್ಲಾ?”

ವೀಬ್ರೆನ್ ಹೂಂ ಎಂದು ತಲೆಯಾಡಿಸಿದ.

“ಕೊಡಿ, ಏನೂ ತೊಂದ್ರೆ ಇಲ್ಲ,” ಎಂದು ಬೌಕೆ ಫೋನಿಗೆ ಹೇಳಿ, ಇಟ್ಟು, ತನ್ನ ಕೆಲಸಕ್ಕೆ ಮರಳಿದ. ಚಿಟ್ಸ್ಕೆಯ ಬೆರಳುಗಳೂ ಮತ್ತೆ ಓಡತೊಡಗಿದವು.

ನಿಂಕೆ ಮುಂದಿನ ನಳಿಕೆ ಎತ್ತಿ ಅದರ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಳು. ಸಂಖ್ಯೆ ತುಂಬಿ, ಗುಂಪು ತುಂಬಿ, ಅವನ ಕಡೆ ತಿರುಗಿದಳು.

“ಸರಿ ಇದೆಯಾ?”

ಅವನ ಕಣ್ಣು ಕಿಟಕಿಯ ಬಳಿಯ ಸ್ಟ್ಯಾಂಡಿನಲ್ಲೇ ಇತ್ತು, ಪರದೆ ಕಾಣುತ್ತಿರಲಿಲ್ಲ. ಸರಿ ಇದೆ ಎಂದ.